ಹಿಮದ ನಾಡಿನ ರಬ್ಬರ್ ಮರ: ಯುಕೋಮಿಯಾ ನೆಡುವಾಗ

ಸುಳ್ಯ, ಪುತ್ತೂರಿನವರಿಗೆ ರಬ್ಬರ್ ಮರ ಎಂದರೆ ಹೆವಿಯಾ. ತೊಗಟೆ ಗೀರಿದರೆ ಹಾಲು ಇಳಿಯುತ್ತದೆ. ಯುಕೋಮಿಯಾ ಅದರ ಬಳಗದ್ದಲ್ಲ. ಮಧ್ಯ ಚೀನಾದ ಬೆಟ್ಟಗಳ ಈ ಮರಕ್ಕೆ ಅದರದೇ ಕುಟುಂಬ, ಅದರಲ್ಲಿ ಇಂದು ಉಳಿದಿರುವುದು ಇದೊಂದೇ. ಮೈನಸ್ 25 ಡಿಗ್ರಿ ಚಳಿಯನ್ನೂ ತಾಳುತ್ತದೆ. ಇದರ ತೊಗಟೆ ಚೀನೀ ವೈದ್ಯದಲ್ಲಿ ‘ದೂಝೋಂಗ್’ ಎಂಬ ಹಳೆಯ ಔಷಧ.

ಗುರುತು ಹಿಡಿಯಲು ಎಲೆಯೊಂದನ್ನು ಅಡ್ಡಕ್ಕೆ ನಿಧಾನವಾಗಿ ಹರಿಯಿರಿ. ಎರಡೂ ಚೂರುಗಳ ನಡುವೆ ಬೆಳ್ಳಗಿನ ಸಣ್ಣ ಎಳೆಗಳು ಚಾಚಿಕೊಂಡು, ಕೆಳಗಿನ ಚೂರು ಅವುಗಳಲ್ಲೇ ಜೋತಾಡುತ್ತದೆ. ಆ ಎಳೆಗಳೇ ಇದರ ರಬ್ಬರ್, ಆದರೆ ಅದು ಹೆವಿಯಾ ರಬ್ಬರಿನಂತೆ ಪುಟಿಯುವುದಿಲ್ಲ. ಹಲ್ಲಿನ ಬೇರುನಾಳ ತುಂಬಲು ಬಳಸುವ ಗಟ್ಟಾಪರ್ಚಾದ ಜಾತಿಯದು, ತಣ್ಣಗಿದ್ದಾಗ ಗಟ್ಟಿ, ಬಿಸಿಗೆ ಮೆದು. ಬಿಡಿಬಿಡಿ ಕೋಶಗಳಲ್ಲಿ ಇರುವುದರಿಂದ ಗೀರಿದರೂ ಹರಿಯುವುದಿಲ್ಲ.

ಅಮೆರಿಕದ ಒಹಾಯೊ, ಪೆನ್ಸಿಲ್ವೇನಿಯಾದಂಥ ಕಡೆ ಮನೆ ಮುಂದೆ ನೆರಳು ಬೇಕೆನ್ನುವ ಕನ್ನಡಿಗರಿಗೆ ಇದನ್ನು ಧೈರ್ಯವಾಗಿ ಹೇಳಬಹುದು. ಹೊಳೆಯುವ ಕಡುಹಸಿರು ಎಲೆ, ಹುಳದ ಕಾಟ ಬಹಳ ಕಡಿಮೆ, ಬೇರೂರಿದ ಮೇಲೆ ಬರವನ್ನೂ ಸಹಿಸುತ್ತದೆ. ಶರತ್ಕಾಲದ ಬಣ್ಣವನ್ನು ಮಾತ್ರ ನಿರೀಕ್ಷಿಸಬೇಡಿ; ಎಲೆ ಹಸಿರಾಗಿಯೇ ಉದುರುತ್ತದೆ. ನಮ್ಮ ಕರಾವಳಿಗೆ, ಬಯಲುಸೀಮೆಗೆ ಇದು ಹೊಂದುವ ಮರವಲ್ಲ.

ಇದನ್ನು ಕೊಲ್ಲುವುದು ಬುಡದಲ್ಲಿ ನಿಂತ ನೀರು. ಅದಕ್ಕೇ ಸಸಿ ತರುವ ಮೊದಲು 30 ಸೆಂ.ಮೀ. ಆಳದ ಗುಂಡಿ ತೋಡಿ ನೀರು ತುಂಬಿ, ಅದು ಇಂಗಿದ ಮೇಲೆ ಮತ್ತೆ ತುಂಬಿ ನೋಡಿ. ಎರಡನೆಯ ಸಲ ಗಂಟೆಗೆ ಎರಡೂವರೆ ಸೆಂ.ಮೀ.ಗಿಂತ ನಿಧಾನವಾಗಿ ಇಳಿದರೆ ಜಾಗ ಬದಲಿಸಿ, ಇಲ್ಲವೇ ದಿಬ್ಬ ಮಾಡಿ ನೆಡಿ. ಪೂರ್ತಿ ಬಿಸಿಲಿರಲಿ, ಮರ 12ರಿಂದ 18 ಮೀಟರ್ ಎತ್ತರಕ್ಕೆ ಹೋಗಿ ಅಷ್ಟೇ ಅಗಲಕ್ಕೂ ಹರಡಬಹುದು, ಗೋಡೆಯಿಂದ ಕನಿಷ್ಠ 7 ಮೀಟರ್ ದೂರ ಬಿಡಿ.

ಗುಂಡಿ ಬೇರಿನ ಹೆಂಟೆಯ ಎರಡು ಮೂರು ಪಟ್ಟು ಅಗಲ, ಆಳ ಹೆಂಟೆಯಷ್ಟೇ. ಕಾಂಡ ಬೇರಾಗಿ ಅಗಲವಾಗುವ ಭಾಗ ನೆಲದ ಮಟ್ಟದಲ್ಲಿ ಕಾಣಬೇಕು. ಆಳಕ್ಕೆ ಹೂತರೆ ಬೇರಿಗೆ ಗಾಳಿ ಸಾಲದೆ ಸಸಿ ಸೊರಗುತ್ತದೆ. ಕುಂಡದಲ್ಲಿ ಸುತ್ತಿಕೊಂಡ ಬೇರುಗಳನ್ನು ಬಿಡಿಸಿ ಹರಡಿ, ಇಲ್ಲದಿದ್ದರೆ ಮುಂದೆ ಅವೇ ಕಾಂಡವನ್ನು ಬಿಗಿಯುತ್ತವೆ. ತೆಗೆದ ಮಣ್ಣನ್ನೇ ವಾಪಸ್ ತುಂಬಿ, 5–8 ಸೆಂ.ಮೀ. ಮರದ ಚಕ್ಕೆ ಹೊದಿಸಿ, ಕಾಂಡಕ್ಕೆ ತಾಗಿಸಬೇಡಿ.

ಮೊದಲೆರಡು ಬೇಸಿಗೆ ಮಳೆಯಿಲ್ಲದ ವಾರಗಳಲ್ಲಿ ಆಳಕ್ಕೆ ಇಳಿಯುವಂತೆ ನೀರು ಕೊಡಿ. ಕೊಂಬೆ ಕೆಳಗಿನಿಂದಲೇ ಮೂಡುವ ಸ್ವಭಾವವಿದೆ; ದಾರಿ ಬದಿಯಾದರೆ ಚಳಿಗಾಲದ ಕೊನೆಗೆ, ಚಿಗುರುವ ಮೊದಲು, ವರ್ಷಕ್ಕೆ ಒಂದೆರಡರಂತೆ ತೆಗೆಯುತ್ತ ಬನ್ನಿ.