ವಿಂಡೋಸ್ 11 ಬಂತೆಂದು ಅಪ್‌ಡೇಟ್ ಸರ್ವರ್ ಬದಲಿಸಬೇಕಾ?

ಪ್ರಶ್ನೆ: ನಮ್ಮ ಆಫೀಸಿನಲ್ಲಿ ವಿಂಡೋಸ್ ಸರ್ವರ್ 2019ರ ಮೇಲೆ ಡಬ್ಲ್ಯುಎಸ್‌ಯುಎಸ್ (ಆಫೀಸಿನೊಳಗಿಂದಲೇ ಅಪ್‌ಡೇಟ್ ಹಂಚುವ ಮೈಕ್ರೋಸಾಫ್ಟ್ ಸರ್ವಿಸ್) ಹಾಕಿದ್ದೇವೆ. ವಿಂಡೋಸ್ 10 ಸಿಸ್ಟಂಗಳಿಗೆಲ್ಲ ಅಲ್ಲಿಂದಲೇ ಅಪ್‌ಡೇಟ್ ಹೋಗುತ್ತಿತ್ತು. ಈಗ ತಂದ ವಿಂಡೋಸ್ 11 ಸಿಸ್ಟಂಗಳಲ್ಲಿ ಡೌನ್‌ಲೋಡ್ ಸೊನ್ನೆ ಪರ್ಸೆಂಟ್ ಬಿಟ್ಟು ಮೇಲೆ ಹೋಗುವುದಿಲ್ಲ. ಸರ್ವರ್ ಹಳೆಯದಾಯಿತು, ಹೊಸದು ತೆಗೆದುಕೊಳ್ಳಿ ಎನ್ನುತ್ತಾರೆ. ಹೌದಾ?

ಉತ್ತರ: ಅಲ್ಲ. ಮಂಗಳೂರಿನ ಕಾಲೇಜು ಲ್ಯಾಬಿನಿಂದ ಕುಂದಾಪುರದ ಸೊಸೈಟಿ ಆಫೀಸಿನವರೆಗೆ ಇದೇ ಪ್ರಶ್ನೆ, ಇದೇ ಉತ್ತರ. ನಿಮ್ಮ ಸರ್ವರ್ ಚೆನ್ನಾಗಿಯೇ ಉಂಟು. ಅದರಲ್ಲಿ ಎರಡು ಸಾಲು ಸೇರಿಸಬೇಕು, ಒಂದು ಟಿಕ್ ಹಾಕಬೇಕು, ಒಂದು ಮಿತಿ ಸಡಿಲಿಸಬೇಕು. ಕೊಟೇಶನ್ ಬದಿಗಿಡಿ.

"ಕ್ಲೈಂಟ್ ಹೊಸದಾದರೆ ಸರ್ವರ್ ಅದಕ್ಕಿಂತ ಹೊಸದಿರಬೇಕು" ಎಂಬ ನಂಬಿಕೆ (ಕ್ಲೈಂಟ್ ಅಂದರೆ ಸರ್ವರಿನಿಂದ ಅಪ್‌ಡೇಟ್ ಪಡೆಯುವ ಸಿಸ್ಟಂ) ಎಷ್ಟು ಸಲ ಹೇಳಿದರೂ ಹೋಗುವುದಿಲ್ಲ. ಹಾಗಾಗಿ ಅದನ್ನು ಬುಡದಿಂದಲೇ ನೋಡೋಣ.

ಅಪ್‌ಡೇಟ್ ಸರ್ವರ್ ಮಾಡುವ ಕೆಲಸ ಎರಡೇ: ಮೈಕ್ರೋಸಾಫ್ಟಿನಿಂದ ಅಪ್‌ಡೇಟುಗಳ ಪಟ್ಟಿ ತರಿಸಿಕೊಳ್ಳುವುದು, ನೀವು ಅಪ್ರೂವ್ ಮಾಡಿದವುಗಳ ಫೈಲ್ ಇಳಿಸಿ ಇಟ್ಟುಕೊಳ್ಳುವುದು. ಯಾವ ಸಿಸ್ಟಂಗೆ ಯಾವ ಅಪ್‌ಡೇಟ್ ಬೇಕು ಎಂದು ತೀರ್ಮಾನಿಸುವುದು ಸರ್ವರ್ ಅಲ್ಲ, ಕ್ಲೈಂಟ್. ಪ್ರತಿ ಅಪ್‌ಡೇಟಿನ ಜೊತೆ ಅದು ಯಾವ ಸಿಸ್ಟಂಗೆ ಹೊಂದುತ್ತದೆ ಎಂಬ ನಿಯಮ ಬರುತ್ತದೆ. ಕ್ಲೈಂಟ್ ಅದನ್ನು ತರಿಸಿಕೊಂಡು ತನ್ನ ಮೇಲೆ ತಾನೇ ಪರೀಕ್ಷೆ ಮಾಡಿ "ನನಗೆ ಇದು ಬೇಕು, ಅದು ಬೇಡ" ಎಂದು ಸರ್ವರಿಗೆ ವರದಿ ಕೊಡುತ್ತದೆ. ವಿಂಡೋಸ್ 11 ಅಂದರೆ ಏನೆಂದು ಸರ್ವರಿಗೆ ಗೊತ್ತಿರಬೇಕಾದ್ದೇ ಇಲ್ಲ. ಔಷಧಿ ಅಂಗಡಿಯ ಕಪಾಟು ಹಳೆಯದಾದರೆ ಹೊಸ ಮಾತ್ರೆ ಇಡಲು ಆಗುವುದಿಲ್ಲವೇ? ಸರ್ವರ್ 2016, 2019, 2022 ಮೂರೂ ವಿಂಡೋಸ್ 11ಕ್ಕೆ ಅಪ್‌ಡೇಟ್ ಕೊಡುತ್ತವೆ.

ಈ ನಂಬಿಕೆ ಎಲ್ಲಿಂದ ಬಂತು ಎಂಬುದಕ್ಕೂ ಕಾರಣ ಉಂಟು. ವಿಂಡೋಸ್ 10 ಬಂದಾಗ ಸರ್ವರ್ 2008 ಆರ್2ರಲ್ಲಿದ್ದ ಡಬ್ಲ್ಯುಎಸ್‌ಯುಎಸ್ 3.0ಕ್ಕೆ ಅದರ ಫೀಚರ್ ಅಪ್‌ಗ್ರೇಡ್ (ಮುಂದಿನ ಆವೃತ್ತಿಗೆ ಏರಿಸುವ ದೊಡ್ಡ ಅಪ್‌ಡೇಟ್) ಕೊಡಲು ನಿಜವಾಗಿಯೂ ಆಗುತ್ತಿರಲಿಲ್ಲ. 2012 ಮತ್ತು 2012 ಆರ್2ಕ್ಕೆ ಕೆಬಿ 3095113, ಕೆಬಿ 3159706 ಎಂಬ ಎರಡು ಪ್ಯಾಚ್ ಹಾಕಬೇಕಿತ್ತು. ಎರಡನೆಯದನ್ನು ಹಾಕಿ, ಅದರ ನಂತರದ ಪೋಸ್ಟ್‌ಇನ್‌ಸ್ಟಾಲ್ ಕಮಾಂಡ್ ಓಡಿಸದೆ ಬಿಟ್ಟವರ ಕನ್ಸೋಲ್ (ಸರ್ವರನ್ನು ನಿಭಾಯಿಸುವ ಕಿಟಕಿ) ತೆರೆಯುವುದೇ ನಿಂತಿತು. ಆಗ ಸರ್ವರ್ ಬದಲಿಸಿದವರು ಇವತ್ತಿಗೂ ಅದೇ ಸಲಹೆ ಕೊಡುತ್ತಿದ್ದಾರೆ. ಸಾಲದ್ದಕ್ಕೆ ಕನ್ಸೋಲಿನಲ್ಲಿ ವಿಂಡೋಸ್ 11 ಸಿಸ್ಟಂಗಳು "ವಿಂಡೋಸ್ 10" ಎಂದೇ ಕಾಣುತ್ತವೆ. ಅದನ್ನು ನೋಡಿ "ಸರ್ವರಿಗೆ ಗುರುತೇ ಸಿಗುತ್ತಿಲ್ಲ" ಎಂದು ಗಾಬರಿಯಾಗಬೇಡಿ. ಅದು ಬರೀ ಹೆಸರಿನ ಪಟ್ಟಿ. ಪಕ್ಕದ ವರ್ಷನ್ ಕಾಲಂ ನೋಡಿ: 10.0.22000 ಅಥವಾ ಅದಕ್ಕಿಂತ ಮೇಲಿದ್ದರೆ ಅದು ವಿಂಡೋಸ್ 11.

ಬದಲಿಸಲೇಬೇಕಾದ ಸರ್ವರ್ ಒಂದು ಉಂಟು: 2012 ಆರ್2. ಅದರ ಸಪೋರ್ಟ್ 2023ರ ಅಕ್ಟೋಬರ್ 10ಕ್ಕೆ ಮುಗಿದಿದೆ. ಆದರೆ ಅಲ್ಲಿ ಕಾರಣ ಸುರಕ್ಷತೆ, ಕ್ಲೈಂಟಿನ ವಯಸ್ಸಲ್ಲ. 2016ಕ್ಕೆ 2027ರ ಜನವರಿ 12ರವರೆಗೆ, 2019ಕ್ಕೆ 2029ರ ಜನವರಿ 9ರವರೆಗೆ ಅವಧಿ ಉಂಟು.

ಈಗ ಆ ಸೊನ್ನೆ ಪರ್ಸೆಂಟ್. ವಿಂಡೋಸ್ 11ರ 22ಎಚ್2 ಆವೃತ್ತಿಯಿಂದ ಅಪ್‌ಡೇಟ್ ಕಟ್ಟುವ ಕ್ರಮವೇ ಬದಲಾಯಿತು. ಇದಕ್ಕೆ ಯುಯುಪಿ ಎನ್ನುತ್ತಾರೆ, ಲೋಕಲ್ ಸರ್ವರುಗಳಿಗೆ ಇದು ಬಂದದ್ದು 2023ರ ಮಾರ್ಚ್ 28ಕ್ಕೆ. ಫೈಲುಗಳು ಈಗ ಡಾಟ್ ಎಂಎಸ್‌ಯು, ಡಾಟ್ ವಿಮ್ ಎಂಬ ಕೊನೆಯೊಂದಿಗೆ ಬರುತ್ತವೆ. ಸರ್ವರಿನಲ್ಲಿ ಫೈಲ್ ಹಂಚುವ ವೆಬ್ ಸಾಫ್ಟ್‌ವೇರ್ ಐಐಎಸ್‌ಗೆ ಮಾತ್ರ ಒಂದು ಕಟ್ಟುನಿಟ್ಟು: ತನ್ನ ಮೈಮ್ ಟೈಪ್ (ಕೊಡಬಹುದಾದ ಫೈಲ್ ಜಾತಿಗಳ) ಪಟ್ಟಿಯಲ್ಲಿ ಇಲ್ಲದ ಜಾತಿಯ ಫೈಲನ್ನು, ಅದು ಡಿಸ್ಕಿನಲ್ಲಿ ಕಣ್ಣೆದುರೇ ಇದ್ದರೂ, ಹೊರಗೆ ಕೊಡುವುದಿಲ್ಲ. "ಇಲ್ಲ" ಎಂದು 404 ಉತ್ತರ ಕಳಿಸುತ್ತದೆ. ಕ್ಲೈಂಟಿನಲ್ಲಿ ಅದು 80244019 ಎಂಬ ಎರರ್ ಆಗಿ ಕಾಣಬಹುದು, ಅಥವಾ ಸೊನ್ನೆಯಲ್ಲೇ ಕೂತಿರಬಹುದು. 21ಎಚ್2 ಸಿಸ್ಟಂ ಸರಿ ಇದ್ದು 22ಎಚ್2 ಮಾತ್ರ ಕೈಕೊಟ್ಟರೆ ಅನುಮಾನವೇ ಬೇಡ, ಇದೇ.

ಊಹೆ ಮಾಡುತ್ತಾ ಕೂರಬೇಡಿ, ಲಾಗ್ ನೋಡಿ. ಸರ್ವರಿನ ಸಿ ಡ್ರೈವಿನಲ್ಲಿ ಐನೆಟ್‌ಪಬ್ ಫೋಲ್ಡರಿನೊಳಗೆ ಲಾಗ್ಸ್, ಅದರೊಳಗೆ ಲಾಗ್‌ಫೈಲ್ಸ್. ಇವತ್ತಿನ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಎಂಎಸ್‌ಯು ಎಂದು ಹುಡುಕಿ. ಆ ಸಾಲಿನ ಕೊನೆಯ ಕಡೆ 404 ಎಂದೂ ಅದರ ಪಕ್ಕದಲ್ಲಿ 3 ಎಂದೂ ಇದ್ದರೆ, ಆ 3ರ ಅರ್ಥ "ಮೈಮ್ ಟೈಪ್ ಇಲ್ಲದ್ದರಿಂದ ನಿರಾಕರಿಸಿದೆ" ಎಂದೇ. 404ರ ಪಕ್ಕ 0 ಇದ್ದರೆ ಫೈಲೇ ಇಳಿದಿಲ್ಲ, ಅದು ಬೇರೆ ಕಥೆ.

ಐಐಎಸ್ ಮ್ಯಾನೇಜರಿನಲ್ಲಿ ಎಡಗಡೆ ಸರ್ವರಿನ ಹೆಸರಿನ ಮೇಲೆಯೇ ಕ್ಲಿಕ್ ಮಾಡಿ, ಮೈಮ್ ಟೈಪ್ಸ್ ತೆರೆದು ಡಾಟ್ ಎಂಎಸ್‌ಯು ಮತ್ತು ಡಾಟ್ ವಿಮ್ ಇವೆಯಾ ನೋಡಿ. ಇಲ್ಲದ್ದನ್ನು ಮಾತ್ರ ಸೇರಿಸಿ. ಟೈಪ್ ಕೇಳಿದಲ್ಲಿ ಅಪ್ಲಿಕೇಶನ್, ಓರೆಗೆರೆ, ಆಕ್ಟೆಟ್ ಹೈಫನ್ ಸ್ಟ್ರೀಮ್ ಎಂದು ಕೊಟ್ಟರೆ ಸಾಕು. ಆಮೇಲೆ ಒಂದು ಕ್ಲೈಂಟಿನಲ್ಲಿ ಅಪ್‌ಡೇಟ್ ಮತ್ತೆ ಒತ್ತಿ, ಲಾಗಿನಲ್ಲಿ 404 ಹೋಗಿ 200 ಅಥವಾ 206 (ಫೈಲ್ ಕೊಟ್ಟೆ ಎಂಬ ಉತ್ತರ) ಬಂತಾ ನೋಡಿ. ಡಿಸ್ಕಿನಲ್ಲಿ ಜಾಗವನ್ನೂ ಮೊದಲೇ ಬಿಡಿಸಿಟ್ಟುಕೊಳ್ಳಿ: ಯುಯುಪಿ ಮೊದಲ ಸಲ ಬರುವಾಗ ಸುಮಾರು 10 ಜಿಬಿ ಹೆಚ್ಚುವರಿ ಎಳೆಯುತ್ತದೆ.

ಟಿಕ್ ವಿಷಯ ಬೇಗ ಮುಗಿಸುತ್ತೇನೆ. ಡಬ್ಲ್ಯುಎಸ್‌ಯುಎಸ್ ಕನ್ಸೋಲಿನ ಪ್ರಾಡಕ್ಟ್ಸ್ ಪಟ್ಟಿಯಲ್ಲಿ "ವಿಂಡೋಸ್ 11" ಬೇರೆಯೇ ಸಾಲು, ವಿಂಡೋಸ್ 10ಕ್ಕೆ ಹಾಕಿದ ಟಿಕ್ ಇದಕ್ಕೆ ಸಲ್ಲುವುದಿಲ್ಲ. ಒಂದು ಆವೃತ್ತಿಯಿಂದ ಮುಂದಿನದಕ್ಕೆ ಹೋಗಬೇಕಾದರೆ ಕ್ಲಾಸಿಫಿಕೇಶನ್ಸ್‌ನಲ್ಲಿ ಅಪ್‌ಗ್ರೇಡ್ಸ್ ಕೂಡ ಬೇಕು. ಡ್ರೈವರ್ಸ್‌ಗೆ ದಯವಿಟ್ಟು ಟಿಕ್ ಹಾಕಬೇಡಿ, ಡೇಟಾಬೇಸ್ ಊದಿಕೊಂಡು ಕನ್ಸೋಲ್ ತೆವಳುತ್ತದೆ. ಭಾಷೆ ಇಂಗ್ಲಿಷ್ ಒಂದೇ ಸಾಕು, ಕನ್ನಡ ಟೈಪಿಂಗಿಗೂ ಇದಕ್ಕೂ ಸಂಬಂಧವಿಲ್ಲ. ತಿಂಗಳ ಎರಡನೇ ಮಂಗಳವಾರದ ಅಪ್‌ಡೇಟುಗಳು ನಮ್ಮಲ್ಲಿ ಬರುವಾಗ ರಾತ್ರಿ ಹತ್ತೂವರೆ, ಅಮೆರಿಕದ ಚಳಿಗಾಲದಲ್ಲಿ ಹನ್ನೊಂದೂವರೆ. ಸಿಂಕ್ರನೈಸೇಶನ್ (ಮೈಕ್ರೋಸಾಫ್ಟಿನಿಂದ ಪಟ್ಟಿ ತರಿಸುವುದು) ಬೆಳಗಿನ ಜಾವ 3 ಗಂಟೆಗೆ ಇಟ್ಟರೆ ಬುಧವಾರ ಆಫೀಸ್ ತೆರೆಯುವಷ್ಟರಲ್ಲಿ ಪಟ್ಟಿ ತಯಾರು.

ಮಿತಿ ಅಂದದ್ದು ಐಐಎಸ್‌ನಲ್ಲಿರುವ ಡಬ್ಲ್ಯುಸಸ್‌ಪೂಲ್ ಎಂಬ ಅಪ್ಲಿಕೇಶನ್ ಪೂಲಿನದ್ದು (ಅಪ್‌ಡೇಟ್ ಸರ್ವಿಸ್ ಓಡುವುದು ಇದರೊಳಗೆ). ಅದರ ಪ್ರೈವೇಟ್ ಮೆಮೊರಿ ಲಿಮಿಟ್ ಮೊದಲಿನಿಂದಲೂ 1843200 ಕಿಲೋಬೈಟ್, ಅಂದರೆ 2 ಜಿಬಿಗೂ ಕಡಿಮೆ. ಲ್ಯಾಬಿನ ನಲವತ್ತು ಹೊಸ ಸಿಸ್ಟಂ ಒಟ್ಟಿಗೆ ಮೊದಲ ಸ್ಕ್ಯಾನಿಗೆ ಬಂದರೆ ಪೂಲ್ ಆ ಮಿತಿ ದಾಟಿ ಮಧ್ಯದಲ್ಲೇ ಮತ್ತೆ ಶುರುವಾಗುತ್ತದೆ. ಕ್ಲೈಂಟುಗಳಲ್ಲಿ 80244022 ಬರುತ್ತದೆ, ಅವು ಮತ್ತೆ ಮೊದಲಿನಿಂದ ಕೇಳುತ್ತವೆ, ಪೂಲ್ ಮತ್ತೆ ಬೀಳುತ್ತದೆ. 16 ಜಿಬಿ ರ‍್ಯಾಮ್ ಇದ್ದರೆ ಮಿತಿಯನ್ನು 8388608 (ಅಂದರೆ 8 ಜಿಬಿ) ಮಾಡಿ, ಕ್ಯೂ ಲೆಂತ್ (ಸಾಲಿನಲ್ಲಿ ಕಾಯಬಹುದಾದ ಕೋರಿಕೆಗಳ ಸಂಖ್ಯೆ) 1000ದಿಂದ 2000ಕ್ಕೆ ಏರಿಸಿ.

ಕ್ಲೈಂಟಿನ ಕಡೆ ಎರಡು ಎಡವಟ್ಟು ಸಾಮಾನ್ಯ. ಒಂದು, ಗ್ರೂಪ್ ಪಾಲಿಸಿಯಲ್ಲಿ (ಎಲ್ಲ ಸಿಸ್ಟಂಗಳಿಗೂ ಒಟ್ಟಿಗೆ ಸೆಟ್ಟಿಂಗ್ ಕೊಡುವ ವ್ಯವಸ್ಥೆ) ಸರ್ವರಿನ ವಿಳಾಸ ಕೊಟ್ಟು, ಜೊತೆಗೆ "ಅಪ್‌ಡೇಟ್ ಇಷ್ಟು ದಿನ ಮುಂದೂಡು" ಎಂಬುದನ್ನೂ ಹಾಕಿರುತ್ತಾರೆ. ಮುಂದೂಡಿಕೆ ಹಾಕಿದ ಕ್ಲೈಂಟ್ ನಿಮ್ಮ ಸರ್ವರನ್ನು ದಾಟಿ ನೇರ ಮೈಕ್ರೋಸಾಫ್ಟಿಗೆ ಹೋಗುತ್ತದೆ, ಇಂಟರ್ನೆಟ್ ಲೈನ್ ತುಂಬುತ್ತದೆ. ವಿಂಡೋಸ್ 10ರಲ್ಲಿ ಇದನ್ನು ತಡೆಯುತ್ತಿದ್ದ ಹಳೆಯ ಪಾಲಿಸಿ 11ರಲ್ಲಿ ನಡೆಯುವುದಿಲ್ಲ. ಅದರ ಬದಲು ಯಾವ ವರ್ಗದ ಅಪ್‌ಡೇಟ್ ಎಲ್ಲಿಂದ ಬರಬೇಕೆಂದು ಹೇಳುವ ಸೋರ್ಸ್ ಸರ್ವಿಸ್ ಪಾಲಿಸಿ ಉಂಟು. ಅದರ ನಾಲ್ಕೂ ವರ್ಗ ತುಂಬಿ: ಡ್ರೈವರ್ ಮಾತ್ರ ವಿಂಡೋಸ್ ಅಪ್‌ಡೇಟ್‌ಗೆ, ಉಳಿದದ್ದು ನಿಮ್ಮ ಸರ್ವರಿಗೆ. ಎರಡು, ಒಂದು ಸಿಸ್ಟಂ ತಯಾರು ಮಾಡಿ ಸಿಸ್‌ಪ್ರೆಪ್ (ನಕಲು ತೆಗೆಯುವ ಮೊದಲು ಸಿಸ್ಟಮಿನ ಗುರುತು ಅಳಿಸುವ ಟೂಲ್) ಮಾಡದೆ ಉಳಿದವಕ್ಕೆ ಕ್ಲೋನ್ ಹೊಡೆದಿರುತ್ತಾರೆ. ಎಲ್ಲದಕ್ಕೂ ಸರ್ವರ್ ಗುರುತು ಹಿಡಿಯುವ ಒಂದೇ ಸಸ್‌ಕ್ಲೈಂಟ್‌ಐಡಿ. ಮೂವತ್ತು ಸಿಸ್ಟಂ ಇದ್ದರೂ ಕನ್ಸೋಲಿನಲ್ಲಿ ಒಂದೇ ಕಾಣುತ್ತದೆ, ಅದರ ಹೆಸರೂ ಆಗಾಗ ಬದಲಾಗುತ್ತದೆ. ಅಪ್‌ಡೇಟ್ ಸರ್ವಿಸ್ ನಿಲ್ಲಿಸಿ, ರಿಜಿಸ್ಟ್ರಿಯಿಂದ ಆ ಐಡಿಯನ್ನೂ ಅದರ ವ್ಯಾಲಿಡೇಶನ್ ಸಾಲನ್ನೂ ಅಳಿಸಿ, ಸರ್ವಿಸ್ ಮತ್ತೆ ಶುರು ಮಾಡಿದರೆ ಹೊಸ ಐಡಿ ಹುಟ್ಟುತ್ತದೆ. ಅಂಗಡಿಯಿಂದ ಹೋಮ್ ಎಡಿಷನ್ ತಂದಿದ್ದರೆ ಇಷ್ಟೆಲ್ಲ ಮಾಡಿ ಪ್ರಯೋಜನವಿಲ್ಲ ಮಾರಾಯ್ರೇ, ಅದು ಆಫೀಸಿನ ಡೊಮೈನಿಗೇ (ಸರ್ವರ್ ನಿಭಾಯಿಸುವ ಸಿಸ್ಟಂಗಳ ಗುಂಪಿಗೆ) ಸೇರುವುದಿಲ್ಲ.

ನಮ್ಮ ಮಳೆಗಾಲಕ್ಕೆ ಒಂದು ಮಾತು. ಸಿಡಿಲಿಗೆ ಕರೆಂಟ್ ಹೋಗಿ ಸರ್ವರ್ ದಿಢೀರ್ ಆಫ್ ಆಗಿದ್ದರೆ, ಅರ್ಧ ಇಳಿದ ಫೈಲುಗಳು ಉಳಿದಿರಬಹುದು. ಡಬ್ಲ್ಯುಸಸ್‌ಯುಟಿಲ್ ಕಮಾಂಡನ್ನು ರೀಸೆಟ್ ಎಂಬುದರೊಂದಿಗೆ ಓಡಿಸಿದರೆ ಪಟ್ಟಿಗೂ ಡಿಸ್ಕಿಗೂ ತಾಳೆ ನೋಡಿ ಕಾಣೆಯಾದದ್ದನ್ನು ಮತ್ತೆ ಇಳಿಸುತ್ತದೆ. ಗಂಟೆಗಟ್ಟಲೆ ಹಿಡಿಯಬಹುದು, ನಡುವೆ ನಿಲ್ಲಿಸಬೇಡಿ. ಇನ್ನೊಂದು, ಉಡುಪಿ ಬ್ರಾಂಚಿಗೆ ಸಿಗಲಿ ಎಂದು ರೂಟರಿನಲ್ಲಿ 8530 ಪೋರ್ಟನ್ನು ಹೊರಗೆ ತೆರೆದಿಟ್ಟವರು ಇವತ್ತೇ ಮುಚ್ಚಿ. ಇದೇ ಸರ್ವಿಸಿನ ಗಂಭೀರ ದೋಷಕ್ಕೆ 2025ರ ಅಕ್ಟೋಬರ್ 23ರಂದು ತುರ್ತು ಪ್ಯಾಚ್ ಬಂದಿದೆ. ಪಾಸ್‌ವರ್ಡ್ ಇಲ್ಲದೆ ಹೊರಗಿನವರು ಸರ್ವರ್ ವಶ ಮಾಡಿಕೊಳ್ಳುವಂಥ ದೋಷ ಅದು. ಬ್ರಾಂಚಿಗೆ ವಿಪಿಎನ್ ಮೂಲಕ ಮಾತ್ರ ಕೊಡಿ.

ಹತ್ತು ಹನ್ನೆರಡು ಸಿಸ್ಟಂ ಇರುವವರು ಕೇಳಬೇಕಾದ, ಆದರೆ ಕೇಳದ ಪ್ರಶ್ನೆ: ನಮಗೆ ಈ ಸರ್ವರ್ ಬೇಕೇ? 2024ರ ಸೆಪ್ಟೆಂಬರಿನಲ್ಲಿ ಮೈಕ್ರೋಸಾಫ್ಟ್ ಇದಕ್ಕೆ ಇನ್ನು ಹೊಸ ಸೌಲಭ್ಯ ಸೇರಿಸುವುದಿಲ್ಲ ಎಂದು ಹೇಳಿದೆ. ಸರ್ವರ್ 2025ರಲ್ಲೂ ಅದು ಉಂಟು, ಹಾಗಾಗಿ ನಡೆಯುತ್ತಿರುವುದನ್ನು ಕೀಳಬೇಕಿಲ್ಲ. ಆದರೆ ಹೊಸದಾಗಿ ಶುರು ಮಾಡುವ ಚಿಕ್ಕ ಆಫೀಸಿಗೆ ವಿಂಡೋಸಿನೊಳಗೇ ಇರುವ ಡೆಲಿವರಿ ಆಪ್ಟಿಮೈಸೇಶನ್ ಸಾಕು. ಒಂದು ಸಿಸ್ಟಂ ಇಳಿಸಿದ್ದನ್ನು ಪಕ್ಕದ್ದು 7680 ಪೋರ್ಟಿನಲ್ಲಿ ಪಡೆದುಕೊಳ್ಳುತ್ತದೆ. ಅದರ ಡೌನ್‌ಲೋಡ್ ಮೋಡ್ 1 (ಒಂದೇ ಇಂಟರ್ನೆಟ್ ಬಾಗಿಲಿನ ಹಿಂದಿರುವವುಗಳ ನಡುವೆ ಹಂಚಿಕೆ) ಇಡಿ, ಫೈರ್‌ವಾಲಿನಲ್ಲಿ ಆ ಪೋರ್ಟ್ ಬಿಡಿ. ಮಂಗಳೂರು, ಉಡುಪಿ ಎರಡೂ ಆಫೀಸು ಒಂದೇ ಇಂಟರ್ನೆಟ್ ಬಾಗಿಲಿನಿಂದ ಹೊರಹೋಗುತ್ತಿದ್ದರೆ ಮಾತ್ರ ಮೋಡ್ 1 ಬೇಡ. ಹೊರಗಿನ ಐಪಿ ಒಂದೇ ಆದ್ದರಿಂದ ಎರಡೂ ಕಡೆಯವು ನೆರೆಯವರೆಂದು ತಿಳಿದು ನಿಧಾನದ ವಿಪಿಎನ್ ಮೇಲೆ ಫೈಲ್ ಎಳೆಯುತ್ತವೆ. ಅಲ್ಲಿ ಮೋಡ್ 2 (ಒಂದೇ ಗ್ರೂಪಿನೊಳಗೆ ಹಂಚಿಕೆ) ಇಟ್ಟು, ಒಂದೊಂದು ಆಫೀಸಿಗೆ ಬೇರೆ ಬೇರೆ ಗ್ರೂಪ್ ಐಡಿ ಕೊಡಿ.