ಸಿನಿಮಾ ತೋರಿಸಿ ಇಂಗ್ಲಿಷ್ ಕಲಿಸುವಾಗ ಸಬ್‌ಟೈಟಲ್ ಯಾವ ಭಾಷೆಯದ್ದಿರಬೇಕು?

ಪ್ರಶ್ನೆ: ಇಂಗ್ಲಿಷ್ ಕ್ಲಾಸಿನಲ್ಲಿ ಸಿನಿಮಾ ತೋರಿಸಬೇಕೆಂದಿದ್ದೇನೆ. ಸಬ್‌ಟೈಟಲ್ ಕಲಿಯುವವರ ಮಾತೃಭಾಷೆಯಲ್ಲಿರಬೇಕಾ, ಇಂಗ್ಲಿಷಿನಲ್ಲಾ, ಅಥವಾ ಬೇಡವೇ ಬೇಡವಾ?

ಉತ್ತರ: ಇಂಗ್ಲಿಷಿನಲ್ಲೇ ಇರಲಿ.

ಮಾತೃಭಾಷೆಯ ಸಾಲು ಕಂಡರೆ ಕಣ್ಣು ತಾನಾಗೇ ಅಲ್ಲಿಗೆ ಓಡುತ್ತದೆ. ಕಥೆ ತಿಳಿಯುತ್ತದೆ, ನಗುವೂ ಬರುತ್ತದೆ. ಕಿವಿಗೆ ಮಾತ್ರ ಕೆಲಸವಿಲ್ಲ. 2009ರಲ್ಲಿ ಸಂಶೋಧಕರಾದ ಹೊಲ್ಗರ್ ಮಿಟರರ್ ಮತ್ತು ಜೇಮ್ಸ್ ಮೆಕ್ವೀನ್ ಇದನ್ನು ಪರೀಕ್ಷಿಸಿ ನೋಡಿದರು. ಡಚ್ ಮಾತಾಡುವವರಿಗೆ ಸ್ಕಾಟ್ಲೆಂಡ್ ಮತ್ತು ಆಸ್ಟ್ರೇಲಿಯಾ ಧಾಟಿಯ ಇಂಗ್ಲಿಷ್ ದೃಶ್ಯಗಳನ್ನು ತೋರಿಸಿದರು. ಇಂಗ್ಲಿಷ್ ಸಬ್‌ಟೈಟಲ್ ಇದ್ದವರ ಕಿವಿ ಆ ಧಾಟಿಗೆ ಚೆನ್ನಾಗಿ ಹೊಂದಿಕೊಂಡಿತು. ಡಚ್ ಸಬ್‌ಟೈಟಲ್ ಓದಿದವರು, ಮೊದಲು ಕೇಳಿರದ ಮಾತುಗಳನ್ನು ಗುರುತಿಸುವಾಗ, ಸಬ್‌ಟೈಟಲ್ಲೇ ಇಲ್ಲದೆ ನೋಡಿದವರಿಗಿಂತಲೂ ಹಿಂದೆ ಬಿದ್ದರು.

ಯಾಕೆ ಹೀಗೆ? ಪುಸ್ತಕದಲ್ಲಿ ‘ವಾಟ್ ಆರ್ ಯು ಗೋಯಿಂಗ್ ಟು ಡು’ ಎಂದು ಕಲಿತಿರುತ್ತೇವೆ. ಸಿನಿಮಾದಲ್ಲಿ ಅದೇ ಮಾತು ‘ವಾಚ ಗೊನ ಡು’ ಆಗಿಬಿಟ್ಟಿರುತ್ತದೆ. ಆರು ಪದ ಕರಗಿ ಮೂರಾದರೆ ಎಲ್ಲಿ ಯಾವುದು ಮುಗಿಯಿತು ಅಂತ ಹೇಗೆ ಗೊತ್ತಾಗಬೇಕು? ಕೆಳಗೆ ಇಂಗ್ಲಿಷ್ ಸಾಲಿದ್ದರೆ ಕೇಳಿದ ಸದ್ದನ್ನು ಬಿಡಿಸಿಕೊಳ್ಳಬಹುದು. ನನ್ನ ಪ್ರಕಾರ ಕ್ಲಾಸಿನಲ್ಲಿ ಸಿನಿಮಾ ತೋರಿಸುವುದರ ದೊಡ್ಡ ಲಾಭವೇ ಇದು. ಹೊಸ ಪದಗಳನ್ನು ಪುಸ್ತಕದಿಂದಲೂ ಕಲಿಯಬಹುದಲ್ವಾ?

ಈಗಷ್ಟೇ ಶುರು ಮಾಡಿದವರಿಗೆ ಇದು ಕಷ್ಟ, ನಿಜ. ಸ್ಟುವರ್ಟ್ ವೆಬ್ ಮತ್ತು ಮೈಕಲ್ ರಾಜರ್ಸ್ ಎಂಬ ಸಂಶೋಧಕರು 318 ಸಿನಿಮಾಗಳ ಸಂಭಾಷಣೆಯನ್ನು ಲೆಕ್ಕ ಹಾಕಿದ್ದರು. ಅದರಲ್ಲಿ ಶೇ 95ರಷ್ಟು ಪದ ಗೊತ್ತಿರಬೇಕಾದರೆ, ಹೆಸರುಗಳನ್ನು ಬಿಟ್ಟು, ಸುಮಾರು 3000 ಪದಕುಟುಂಬಗಳ ಪರಿಚಯ ಬೇಕು (ಒಂದು ಮೂಲಪದ ಮತ್ತು ಅದರ ಬೇರೆ ಬೇರೆ ರೂಪಗಳು ಸೇರಿ ಒಂದು ಕುಟುಂಬ). ಅಷ್ಟಿಲ್ಲದವರನ್ನು ಎರಡು ಗಂಟೆ ಸುಮ್ನೆ ಕೂರಿಸಿದರೆ ನಿದ್ದೆ ಬರುತ್ತದೆ. ಮೂರು ನಿಮಿಷದ ಒಂದೇ ದೃಶ್ಯ ಸಾಕು. ಮೊದಲ ಸಲ ಕಥೆ ತಿಳಿಯಲು ಮಾತೃಭಾಷೆಯ ಸಾಲು ಇದ್ದರೂ ನಡೆಯುತ್ತದೆ. ಎರಡನೇ ಸಲ ಇಂಗ್ಲಿಷ್ ಸಾಲು. ಮೂರನೇ ಸಲ ಏನೂ ಬೇಡ.

ಇನ್ನೊಂದು ವಿಷಯ. ಓದಲು ಸಮಯ ಸಾಲದೆಂದು ಸಬ್‌ಟೈಟಲ್ ಬರೆಯುವವರು ಎಷ್ಟೋ ಸಲ ಮಾತನ್ನು ಮೊಟಕು ಮಾಡಿರುತ್ತಾರೆ. ಹಾಗಾಗಿ ಕ್ಲಾಸಿಗೆ ಮುಂಚೆ ನೀವೊಮ್ಮೆ ಕೇಳಿ ನೋಡಿ. ಎಲ್ಲಾದರೂ ತಾಳೆಯಾಗದಿದ್ದರೆ ಆ ದೃಶ್ಯವನ್ನು ಬಿಡಬೇಡಿ. ‘ಇಲ್ಲೊಂದು ಪದ ತಪ್ಪಿಹೋಗಿದೆ, ಹುಡುಕಿ’ ಅನ್ನಿ. ಓದುತ್ತಾ ಕೂತವರಿಗೆ ಅದು ಸಿಗುವುದೇ ಇಲ್ಲ.