ಅಟಾರಿ ಡಬ್ಬಿಯ ಮೇಲಿನ ಚಿತ್ರ ಮೋಸವೇ?

ಪ್ರಶ್ನೆ: ಹಳೇ ಅಟಾರಿ ವಿಡಿಯೊ ಗೇಮ್‌ಗಳ ಡಬ್ಬಿ ಮೇಲೆ ಎಷ್ಟು ಚೆಂದದ ಪೇಂಟಿಂಗ್ ಇರುತ್ತದೆ! ಆಟ ಹಾಕಿದರೆ ಟಿವಿಯಲ್ಲಿ ಬರೀ ಚೌಕ, ಗೆರೆ. ಇದು ಗಿರಾಕಿಗಳಿಗೆ ಮಾಡಿದ ಮೋಸ ಅಲ್ವಾ?

ಉತ್ತರ: ನನ್ನ ಪ್ರಕಾರ ಅಲ್ಲ. ಆಗ ಆಟದ ಅರ್ಧ ಭಾಗ ಟಿವಿಯಲ್ಲಿತ್ತು, ಇನ್ನರ್ಧ ಡಬ್ಬಿಯ ಮೇಲಿತ್ತು. ಯಾಕೆ ಅಂತ ಗೊತ್ತಾಗಬೇಕಾದರೆ ಮೊದಲು ಯಂತ್ರವನ್ನು ನೋಡಬೇಕು.

ಮನೆಯ ಟಿವಿಗೆ ಜೋಡಿಸಿ ಆಡುವ, ಅಟಾರಿ ಕಂಪನಿಯ ವಿಸಿಎಸ್ ಯಂತ್ರ 1977ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂತು. ಮುಂದೆ ಅದಕ್ಕೆ 2600 ಅಂತ ಹೆಸರಾಯಿತು. ಅದರ ರ್‍ಯಾಮ್ (ಆಟ ನಡೆಯುವಾಗ ಯಂತ್ರ ಬಳಸುವ ನೆನಪಿನ ಜಾಗ) ಬರೀ 128 ಬೈಟ್. ಈಗಿನ ಫೋನಿನಲ್ಲಿ ನಾವು ಟೈಪ್ ಮಾಡುವ ಕನ್ನಡದ ಒಂದು ಉದ್ದ ವಾಕ್ಯ ಕೂಡ ಅದರಲ್ಲಿ ಹಿಡಿಸುವುದಿಲ್ಲ. ಇಡೀ ಪರದೆಯ ಚಿತ್ರವನ್ನು ಇಟ್ಟುಕೊಳ್ಳಲು ಜಾಗವೇ ಇಲ್ಲ. ಹಾಗಾಗಿ ಟಿವಿ ಒಂದೊಂದೇ ಗೆರೆ ಎಳೆಯುವಾಗ ಪ್ರೋಗ್ರಾಂ ಕೂಡ ಅದರ ಜೊತೆಗೇ ಓಡಬೇಕಿತ್ತು. ಹಿನ್ನೆಲೆ ಬಿಟ್ಟರೆ ಚಿಪ್ ಕೊಡುತ್ತಿದ್ದದ್ದು ಐದೇ ವಸ್ತು: ಎಂಟು ಪಿಕ್ಸೆಲ್ (ಪರದೆಯ ಚುಕ್ಕೆ) ಅಗಲದ ಎರಡು ಆಕೃತಿ, ಎರಡು ಗುಂಡು, ಒಂದು ಚೆಂಡು.

ಅಟಾರಿಯ ಪ್ರೋಗ್ರಾಮರ್ ವಾರೆನ್ ರಾಬಿನೆಟ್ ಇಷ್ಟರಲ್ಲೇ 'ಅಡ್ವೆಂಚರ್' ಮಾಡಿದರು. 1980ರ ಹೊತ್ತಿಗೆ ಬಂದ ಆಟ. ಕೋಟೆಗಳು, ಕತ್ತಲೆಯ ದಾರಿಗಳು, ಮೂರು ಡ್ರಾಗನ್, ಹುಡುಕಿ ತರಬೇಕಾದ ಒಂದು ಮಾಯದ ಬಟ್ಟಲು, ಇದೆಲ್ಲ ಅದರಲ್ಲಿದೆ. ಎರಡು ಆಕೃತಿಗಳು ಡ್ರಾಗನ್, ಕತ್ತಿ, ಬೀಗದ ಕೈ ತೋರಿಸೋಕೆ ಬೇಕಾದವು. ಹಾಗಾಗಿ ನಾಯಕನಿಗೆ ಉಳಿದದ್ದು ಆ ಚೆಂಡು, ಅಂದರೆ ಒಂದು ಸಣ್ಣ ಚೌಕ. ಕತ್ತಿ ಒಂದು ಬಾಣದ ಗುರುತಿನಂತಿದೆ. ಡ್ರಾಗನ್ ಬಾತುಕೋಳಿಯಂತಿದೆ ಅಂತ ಇವತ್ತಿಗೂ ಜನ ಹೇಳುತ್ತಾರೆ.

ಅದರ ಡಬ್ಬಿಯ ಚಿತ್ರ ಬರೆದವರು ಸೂಸನ್ ಜೇಕಲ್. ಅವರ ಡ್ರಾಗನ್ ಮತ್ತು ಕೋಟೆಯನ್ನು ಒಮ್ಮೆ ನೋಡಿ ಆಮೇಲೆ ಆಟ ಹಾಕಿ. ಆ ಚೌಕ ಯಾರು, ಯಾಕೆ ಓಡುತ್ತಿದೆ ಅಂತ ಕಣ್ಣಿಗೆ ತಾನಾಗೇ ತಿಳಿಯುತ್ತದೆ. ಯಕ್ಷಗಾನದ ರಂಗದ ಮೇಲಿನ ಒಂದೇ ಪೀಠ ಭಾಗವತರ ಪದ ಕೇಳಿದ ಮೇಲೆ ಸಿಂಹಾಸನವೂ ಆಗುತ್ತದೆ, ರಥವೂ ಆಗುತ್ತದೆ. ಇಲ್ಲಿ ಭಾಗವತರ ಕೆಲಸ ಮಾಡಿದ್ದು ಪೇಂಟಿಂಗ್.

ಈ ಯೋಚನೆ ಅಟಾರಿಯ ಈ ಯಂತ್ರಕ್ಕಿಂತ ಹಳೆಯದು. 1972ರಲ್ಲಿ ಬಂದ ಮ್ಯಾಗ್ನವಾಕ್ಸ್ ಒಡಿಸ್ಸಿ ಎಂಬ ಗೇಮ್ ಯಂತ್ರಕ್ಕೆ ಬಣ್ಣವೇ ಇರಲಿಲ್ಲ. ಪರದೆಯ ಮೇಲೆ ಬಿಳಿ ಚೌಕಗಳು ಮತ್ತು ಒಂದು ಗೆರೆ, ಅಷ್ಟೇ. ಅದರ ಜೊತೆಗೆ ಬಣ್ಣದ ಚಿತ್ರ ಅಚ್ಚಾದ ಪ್ಲಾಸ್ಟಿಕ್ ಹಾಳೆಗಳು ಬರುತ್ತಿದ್ದವು. ಅವನ್ನು ಟಿವಿ ಗಾಜಿಗೇ ಅಂಟಿಸಿಕೊಂಡು ಆಡಬೇಕು. ಚಿತ್ರ ಅಲ್ಲಿ ನೇರವಾಗಿ ಆಟದ ಮೇಲೇ ಕೂತಿತ್ತು. ಅಟಾರಿ ಕಾಲಕ್ಕೆ ಅದು ಡಬ್ಬಿಗೆ ಸರಿಯಿತು.

ಅಟಾರಿ ಡಬ್ಬಿಗಳ ಮೊದಲ ರೂಪ ಕೊಟ್ಟವರಲ್ಲಿ ಚಿತ್ರಕಾರ ಕ್ಲಿಫ್ ಸ್ಪೋನ್ ಮುಖ್ಯರು. ನನಗೆ ಅವರ ಕೆಲಸ ಬಹಳ ಇಷ್ಟ. ಒಂದೇ ಚಿತ್ರದಲ್ಲಿ ಹಲವು ದೃಶ್ಯಗಳು ಒಂದರೊಳಗೊಂದು ಸೇರಿಕೊಂಡಿರುತ್ತವೆ. 'ಕಾಂಬ್ಯಾಟ್' ಡಬ್ಬಿಯನ್ನೇ ನೋಡಿ: ಟ್ಯಾಂಕ್, ಹಳೇ ಕಾಲದ ವಿಮಾನ, ಜೆಟ್, ಎಲ್ಲವೂ ಒಟ್ಟಿಗೆ ನುಗ್ಗಿ ಬರುತ್ತವೆ. ಇದು ಸುಮ್ನೆ ಅಲಂಕಾರ ಅಲ್ಲ. ಯಂತ್ರಕ್ಕೆ ಸಿಕ್ಕಿಸುವ ಆ ಒಂದು ಕಾರ್ಟ್ರಿಜ್‌ನಲ್ಲಿ 27 ಬಗೆಯ ಆಟ ಇದ್ದವು, ಮತ್ತು ಆ ಸಂಖ್ಯೆಯನ್ನು ಡಬ್ಬಿಯ ಮೇಲೇ ಅಚ್ಚು ಹಾಕಿದ್ದರು. ಒಂದೇ ದೃಶ್ಯ ಬರೆದಿದ್ದರೆ ಉಳಿದ ಆಟಗಳ ಕಥೆ ಹೇಳುವವರು ಯಾರು? ಆಗಿನ ಡಬ್ಬಿಗಳಿಗೆ ಒಂದೊಂದು ಆಟಕ್ಕೆ ಒಂದೊಂದು ದಟ್ಟ ಬಣ್ಣ ಬೇರೆ. ಕಪಾಟಿನಲ್ಲಿ ಸಾಲಾಗಿ ಇಟ್ಟರೆ ಪುಸ್ತಕದ ಸೆಟ್ಟಿನಂತೆ ಕಾಣುತ್ತಿದ್ದವು.

ಮುಂದೆ ಡಬ್ಬಿಯ ಒಳಗೂ ಕಥೆ ಬಂತು. 1982ರ 'ಯಾರ್ಸ್ ರಿವೆಂಜ್' ಜೊತೆ ಒಂದು ಕಾಮಿಕ್ಸ್ ಪುಸ್ತಕವನ್ನೇ ಕೊಟ್ಟರು. ಪರದೆಯ ಮೇಲೆ ಹಾರುವ ಆ ನೊಣದಂಥ ಜೀವಿ ಯಾರು, ಅದಕ್ಕೆ ಯಾರ ಮೇಲೆ ಸಿಟ್ಟು ಅಂತ ಅದರಲ್ಲಿ ಇತ್ತು.

ಹಾಗಾದರೆ ಯಾರಿಗೂ ಬೇಸರ ಆಗಲೇ ಇಲ್ವಾ? ಆಯಿತು. 1982ರಲ್ಲಿ ಬಂದ ಅಟಾರಿಯ 'ಪ್ಯಾಕ್‌ಮ್ಯಾನ್' ಬಗ್ಗೆ ಜನ ಗೊಣಗಿದರು. ದೆವ್ವಗಳು ಮಿಣುಕುತ್ತಿದ್ದವು, ದಾರಿಯ ನಕ್ಷೆಯೇ ಬೇರೆ ಇತ್ತು. ಆದರೆ ಅವರು ಹೋಲಿಸಿದ್ದು ಆರ್ಕೇಡ್‌ನಲ್ಲಿ ನಾಣ್ಯ ಹಾಕಿ ಆಡಿದ್ದ ಆಟದ ಜೊತೆ. ಡಬ್ಬಿಯ ಚಿತ್ರದ ಮೇಲೆ ಆ ತಪ್ಪು ಹೊರಿಸುವುದು ಸರಿಯಲ್ಲ.

ಇನ್ನೊಂದು ದಾರಿ ಹಿಡಿದವರೂ ಇದ್ದರು. ಅಟಾರಿ ಬಿಟ್ಟುಬಂದ ಪ್ರೋಗ್ರಾಮರ್‌ಗಳು ಸೇರಿ 1979ರಲ್ಲಿ ಆರಂಭಿಸಿದ ಆಕ್ಟಿವಿಷನ್, ಪರದೆಯ ಆಕೃತಿಗಳಿಗೆ ಹತ್ತಿರವಾದ ಸರಳ ಚಿತ್ರಗಳನ್ನು ಹಾಕಿತು. ಆಟ ಮಾಡಿದವರ ಹೆಸರನ್ನೂ ಹೇಳಿತು. 1985ರಲ್ಲಿ ತನ್ನ ಗೇಮ್ ಯಂತ್ರವನ್ನು ಅಮೆರಿಕಕ್ಕೆ ತಂದ ಜಪಾನಿನ ನಿಂಟೆಂಡೊ ಕಂಪನಿ ಇನ್ನೂ ಮುಂದೆ ಹೋಯಿತು. ಮೊದಲ ಆಟಗಳ ಕಪ್ಪು ಡಬ್ಬಿಗಳ ಮೇಲೆ ಪಿಕ್ಸೆಲ್ ಚಿತ್ರಗಳನ್ನೇ ದೊಡ್ಡದು ಮಾಡಿ ಅಚ್ಚು ಹಾಕಿತು. 1983ರಲ್ಲಿ ಅಮೆರಿಕದ ವಿಡಿಯೊ ಗೇಮ್ ಮಾರುಕಟ್ಟೆ ಕುಸಿದ ನಂತರ ಅಂಗಡಿಯವರಿಗೂ ಗಿರಾಕಿಗಳಿಗೂ ವಿಡಿಯೊ ಗೇಮ್ ಮೇಲೆ ನಂಬಿಕೆ ಹೋಗಿತ್ತು. ಇದ್ದದ್ದನ್ನು ಇದ್ದಂತೆ ತೋರಿಸಿದ್ದು ಜಾಣತನವೇ. ಆದರೂ ಎದುರಿಗಿಟ್ಟು ಆರಿಸಿಕೊಳ್ಳಿ ಅಂದರೆ ನಾನು ಸ್ಪೋನ್ ಡಬ್ಬಿಯನ್ನೇ ಎತ್ತಿಕೊಳ್ಳುತ್ತೇನೆ.

ಮೋಸದ ಚಿತ್ರ ನೋಡಬೇಕು ಅಂದರೆ ತೊಂಬತ್ತರ ದಶಕದಲ್ಲಿ ನಮ್ಮ ಊರುಗಳಲ್ಲೂ ಸಿಗುತ್ತಿದ್ದ ನಕಲಿ ಕ್ಯಾಸೆಟ್‌ಗಳನ್ನು ನೆನಪಿಸಿಕೊಳ್ಳಿ. ಸ್ಟಿಕ್ಕರ್ ಮೇಲೆ '999999 ಇನ್ 1' ಅಂತ ಬರೆದಿರುತ್ತಿತ್ತು. ಪಕ್ಕದಲ್ಲಿ ಯಾವುದೋ ಸಿನಿಮಾದ ಹೀರೊ, ಯಾವುದೋ ಕಾರ್ಟೂನಿನ ಪಾತ್ರ. ಒಳಗೆ ಅವರಿಗೆ ಸಂಬಂಧಪಟ್ಟ ಆಟ ಒಂದೂ ಇಲ್ಲ, ಇದ್ದ ಕೆಲವೇ ಆಟಗಳು ಬೇರೆ ಬೇರೆ ನಂಬರಿನಲ್ಲಿ ಮತ್ತೆ ಮತ್ತೆ ಬರುತ್ತಿದ್ದವು. ಆ ಸ್ಟಿಕ್ಕರ್ ಅಂಟಿಸಿದವರು ಒಳಗಿನ ಆಟವನ್ನು ನೋಡುವ ಗೋಜಿಗೇ ಹೋಗಿರಲಿಲ್ಲ.